ಮೂರನೆಯ ಪಾಲು

ಕಪ್ಪು ಬಣ್ಣದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುವುದೋ ಬೇಡವೋ ಎಂದು ಪೇಂಟರ್ ಎದ್ದಾಗಿನಿಂದ ಯೋಚಿಸುತ್ತಿದ್ದ. ಕಾಲು ಲೀಟರಿನ ಡಬ್ಬಿ, ಮುಚ್ಚಳದ ಸುತ್ತ ಹಳೆಯ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿತ್ತು. ತೆಗೆದುಕೊಂಡು ಹೋದರೆ ಪಟದಲ್ಲಿರುವ ಎರಡು ಮುಖಗಳನ್ನು ಹತ್ತು ಗಂಟೆಯೊಳಗೆ ಅಳಿಸಿಬಿಡಬಹುದು. ಮೂರು ಸಲ ಬ್ರಷ್ ಆಡಿಸಿದರೆ ಮುಗಿಯುವ ಕೆಲಸ. ತೆಗೆದುಕೊಂಡೇ ಹೋಗದಿದ್ದರೆ, ಡಬ್ಬಿ ಮನೆಯಲ್ಲಿ ಉಳಿಯಿತು, ನಾನೇನು ಮಾಡಲಿ ಎಂದು ನಾಳೆ ತನಗೆ ತಾನೇ ಹೇಳಿಕೊಳ್ಳಬಹುದು. ಈ ಎರಡನೆಯ ಅನುಕೂಲ ಎಷ್ಟು ಬೇಗ ಹೊಳೆಯಿತೆಂದರೆ ಅವನಿಗೇ ನಾಚಿಕೆಯಾಗಿ, ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿ ಮೇಲೆ ಹಗ್ಗದ ಸುರುಳಿ ಇಟ್ಟ. ಹೆಂಡತಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಾ, ಇವತ್ತೊಂದು ದಿನ ಉಗುರಿನ ಸಂದಿ ಉಜ್ಜಿಕೊಳ್ಳಿ ಎಂದಳು. ಅವನು ಉಜ್ಜಿಕೊಂಡಿದ್ದ, ಸೀಮೆಎಣ್ಣೆಯಲ್ಲಿ ಒಮ್ಮೆ, ಸೋಪಿನಲ್ಲಿ ಎರಡು ಸಲ. ಆದರೂ ಟರ್ಪೆಂಟೈನ್ ವಾಸನೆ ಚರ್ಮದ ಒಳಗಿಂದಲೇ ಬರುತ್ತದೆ. ಹೋದ ವರ್ಷ ಚರ್ಚಿನ ಸಭೆಯಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದಾಗ ಪಾಸ್ಟರಮ್ಮನವರು ಮೂಗಿಗೆ ಕರ್ಚೀಫು ಹಿಡಿದು ಬಂದು, ಬ್ರದರ್, ಹಿಂದೆ ಗಾಳಿ ಚೆನ್ನಾಗಿ ಬರುತ್ತೆ ಎಂದು ನಗುನಗುತ್ತಲೇ ಹೇಳಿದ್ದರು. ಹಿಂದೆ ಕಿಟಕಿಯೇ ಇರಲಿಲ್ಲ. ಅವನು ಎದ್ದು ಹೋಗಿ ಗೋಡೆಗೆ ಒರಗಿ ಕೂತ. ಹೆಂಡತಿ ಕೂತಲ್ಲಿಂದ ಏಳಲಿಲ್ಲ. ಹದಿನೆಂಟು ವರ್ಷದಲ್ಲಿ ಆ ಸಭೆಗೆ ಅವನು ಬರೆದುಕೊಟ್ಟದ್ದೆಂದರೆ 'ಗಾಡಿ ನಿಲ್ಲಿಸಬೇಡಿ', 'ಗಂಡಸರಿಗೆ', 'ಹೆಂಗಸರಿಗೆ', 'ಮೌನವಾಗಿರಿ'. ಇವತ್ತು ಅವನು ಬರೆದ ಪಟ ಸಭೆಯಲ್ಲಿ ಏರುವ ದಿನ, ಮೊದಲ ಸಾಲಿನ ಒಂದು ಕುರ್ಚಿಗೆ 'ಪೇಂಟರ್ ಬ್ರದರ್' ಎಂದು ಚೀಟಿ ಅಂಟಿಸಿದ್ದಾರಂತೆ. ಅದರ ಪಕ್ಕದ್ದು ಟೈಲರ್ ಮಾಸ್ಟರದು.

ಪಟ ಮಾಸ್ಟರ ಅಂಗಡಿಯಲ್ಲಿತ್ತು. ಭಾನುವಾರದ ಬೀದಿಯಲ್ಲಿ ಶಟರುಗಳೆಲ್ಲ ಇಳಿದಿದ್ದವು. ಅವುಗಳ ಮೇಲಿನ ಅಕ್ಷರಗಳಲ್ಲಿ ಅರ್ಧಕ್ಕರ್ಧ ಅವನವೇ. ಚಾವಿ ಮಾಡುವವನದು, ಔಷಧಿ ಅಂಗಡಿಯದು, ಹಲ್ಲಿನ ಡಾಕ್ಟರದು. ಹಲ್ಲಿನ ಡಾಕ್ಟರ ಬೋರ್ಡಿನ ನಗು ಸೋಪಿನ ಬೋರ್ಡಿನ ಹೆಂಗಸಿನ ಮುಖದಲ್ಲೂ ಇತ್ತು, ಚುನಾವಣೆಯಲ್ಲಿ ಸೋತ ಮನುಷ್ಯನ ಮುಖದಲ್ಲೂ ಇತ್ತು. ಮುಖ ಬರೆಯುವುದು ಅವನ ಕೈಗೆ ಹತ್ತಿದ ವಿದ್ಯೆಯಲ್ಲ. ಸಿಂಹ ಬರೆಯುತ್ತಿದ್ದ, ಸೂರ್ಯ ಹುಟ್ಟಿಸುತ್ತಿದ್ದ, ಬೆಂಕಿಯನ್ನಂತೂ ನೋಡಿದವರು ಹಿಂದೆ ಸರಿಯುವ ಹಾಗೆ ಎಬ್ಬಿಸುತ್ತಿದ್ದ. ಅದಕ್ಕೇ ಪಾಸ್ಟರ್ ಅವನನ್ನು ಕರೆದು ಈ ಪಟ ಒಪ್ಪಿಸಿದ್ದು. ಇಪ್ಪತ್ತೆರಡು ಅಡಿ ಉದ್ದದ ಕ್ಯಾನ್ವಾಸು, ಎಡತುದಿಗೆ ಏದೆನ್ ತೋಟ, ಬಲತುದಿಗೆ ಹೊಸ ಯೆರೂಸಲೇಮು, ನಡುವೆ ಲೋಕದ ಚರಿತ್ರೆಯೆಲ್ಲ ರೈಲಿನ ಬೋಗಿಗಳ ಹಾಗೆ ಒಂದರ ಹಿಂದೊಂದು. ಪಾಸ್ಟರು ಕಾಗದದ ಮೇಲೆ ಚೌಕಗಳನ್ನು ಹಾಕಿ ವಿವರಿಸಿದ್ದರು. ಯೆಹೂದ್ಯರು ತಮ್ಮ ನಾಡಿಗೆ ಮರಳಬೇಕಿತ್ತು, ಮರಳಿದ್ದಾರೆ. ಏಳು ವರ್ಷದ ಮಹಾಸಂಕಟ ಬರಬೇಕು, ಬರುತ್ತದೆ. ಆ ಸಂಕಟದಲ್ಲಿ ಅವರ ಪೈಕಿ ಮೂರರಲ್ಲಿ ಎರಡು ಪಾಲು ಜನ ಸಾಯುತ್ತಾರೆ. ಉಳಿದ ಮೂರನೆಯ ಪಾಲು ಬೆಂಕಿಯಿಂದ ಹಾದು, ತಾವು ಶಿಲುಬೆಯಲ್ಲಿ ಇರಿದವನನ್ನು ತಲೆಯೆತ್ತಿ ನೋಡಿ, ಎದೆ ಬಡಿದುಕೊಂಡು ಅತ್ತು, ನೀನೇ ಮೆಸ್ಸೀಯ ಎಂದು ಒಪ್ಪಿಕೊಳ್ಳುತ್ತದೆ. ಆಗ ಮೆಸ್ಸೀಯ ಮತ್ತೆ ಬರುತ್ತಾನೆ. ಅಷ್ಟು ಹೊತ್ತಿಗೆ ಸಭೆಯವರನ್ನು ಜೀವಸಹಿತ ಪರಲೋಕಕ್ಕೆ ಎತ್ತಿಕೊಂಡು ಆಗಿರುತ್ತದಾದ್ದರಿಂದ ಅವರಿಗೆ ಬಿಸಿ ತಟ್ಟುವುದಿಲ್ಲ. ಇದನ್ನು ಹೇಳುವಾಗ ಪಾಸ್ಟರ ಕಣ್ಣು ನಿಜವಾಗಿಯೂ ಒದ್ದೆಯಾಗುತ್ತಿತ್ತು. ಯೆಹೂದ್ಯರೆಂದರೆ ಅವರಿಗೆ ಪ್ರಾಣ. ಅವರಿಲ್ಲದೆ ಅವನು ಬರುವ ಹಾಗಿಲ್ಲವಲ್ಲ. ಆ ಚೌಕಕ್ಕೆ ಮೂವರು ಸಾಕು ಬ್ರದರ್, ಇಬ್ಬರು ಬಿದ್ದಿರಲಿ, ಒಬ್ಬ ಎದ್ದು ಮೇಲೆ ನೋಡುತ್ತಿರಲಿ ಎಂದಿದ್ದರು. ಮತ್ತೆ ಹೆಗಲ ಮೇಲೆ ಕೈಯಿಟ್ಟು, ಇದರಿಂದ ಒಂದು ಗೆರೆ ತೆಗೆದರೂ ಆ ಪರಿಶುದ್ಧ ಪಟ್ಟಣದಲ್ಲಿ ನಿಮಗಿರುವ ಪಾಲನ್ನು ಕರ್ತನು ತೆಗೆದುಬಿಡುತ್ತಾನೆ, ಗೊತ್ತಲ್ಲ ಎಂದು ಮೆಲ್ಲಗೆ ಹೇಳಿದ್ದರು. ಗೊತ್ತಿತ್ತು. ಆ ಭಯದಲ್ಲೇ ಅವನು ಕೂದಲು ಬೆಳ್ಳಗೆ ಮಾಡಿಕೊಂಡಿದ್ದ.

ಮೂರನೆಯವನ ಮುಖ ಒಂದೇ ಬೆಳಿಗ್ಗೆ ಮುಗಿಯಿತು. ಪೇಂಟರಿಗೆ ಗೊತ್ತಿದ್ದ ಯೆಹೂದ್ಯ ಮುಖ ಇದ್ದದ್ದೇ ಒಂದು, ಟೈಲರ್ ಮಾಸ್ಟರದು. ಉದ್ದನೆಯ ಮೂಗು, ಬಲಗೆನ್ನೆಯಲ್ಲಿ ಗುಳಿ, ಕೆಳತುಟಿಯ ಮೇಲೆ ಸೂಜಿ ಕಚ್ಚಿಕೊಂಡು ಕಚ್ಚಿಕೊಂಡು ಬಿದ್ದ ಸಣ್ಣ ಗುರುತು. ಬರೆದು ಮುಗಿಸಿದಾಗ ಅವನಿಗೆ ಹೆಮ್ಮೆಯೇ ಆಯಿತು. ಊರಿಗೆಲ್ಲ ಇರುವವರು ಇವರೊಬ್ಬರು, ಇವರನ್ನು ಉಳಿಯುವವರ ಕಡೆಗೆ ಹಾಕಿದೆನಲ್ಲ ಎಂದು. ಬಿದ್ದವರಿಬ್ಬರ ಮುಖ ನಾಲ್ಕು ದಿನ ಖಾಲಿಯಾಗಿಯೇ ಇತ್ತು. ಏನು ಬರೆದರೂ ಹಲ್ಲಿನ ಡಾಕ್ಟರ ಬೋರ್ಡಿನ ನಗುವೇ ಬರುತ್ತಿತ್ತು, ಸತ್ತವರು ನಗುತ್ತಿದ್ದರೆ ಹೇಗೆ. ಗುರುವಾರ ಮಧ್ಯಾಹ್ನ ಪಾಸ್ಟರು ಎರಡು ಸಲ ಫೋನ್ ಮಾಡಿದ ಮೇಲೆ, ಅದೇ ಮುಖವನ್ನು ಕಣ್ಣು ಮುಚ್ಚಿಸಿ ಇನ್ನೆರಡು ಸಲ ಬರೆದು ಕೈ ತೊಳೆದುಕೊಂಡ. ಸಂಜೆ ಬಂದ ಪಾಸ್ಟರು ದೂರ ನಿಂತು, ಹತ್ತಿರ ನಿಂತು ನೋಡಿ, ಮೂವರೂ ಒಂದೇ ವಂಶದವರು ಅಂತ ನೋಡಿದ ಕೂಡಲೇ ತಿಳಿಯುತ್ತೆ, ಇದು ನಿಮ್ಮ ಕೈಯಲ್ಲ ಬ್ರದರ್, ಆತ್ಮನ ಕೈ ಎಂದರು. ಅಂಚು ಹೊಲಿಯುವ ಕೆಲಸ ಮಾಸ್ಟರಿಗೇ ಕೊಡಬೇಕು, ಅವರ ಕೈಯಿಂದಲೇ ಆಗಬೇಕು, ಅದೂ ಒಂದು ಗುರುತು ಎಂದವರು ಅವರೇ. ಹೂಂ ಎಂದವನು ಇವನು.

ಹೂಂ ಎನ್ನುವುದು ಅವನ ಹುಟ್ಟುಗುಣ. ಮೂವತ್ತು ವರ್ಷದ ಕೆಳಗೆ ಮಾಸ್ಟರು, ನನ್ನ ಅಂಗಡಿಗೆ ಬೋರ್ಡ್ ಬರೀತೀಯಾ ಎಂದು ಕೇಳಿದಾಗಲೂ, ಅದುವರೆಗೆ ಒಂದು ಬೋರ್ಡನ್ನೂ ಬರೆಯದ ಅವನು ಹೂಂ ಎಂದಿದ್ದ. ಅಕ್ಷರಗಳು ಬಲಕ್ಕೆ ಹೋಗುತ್ತಾ ಹೋಗುತ್ತಾ ಮೆಟ್ಟಿಲು ಹತ್ತಿದವು. ಮಾಸ್ಟರು ಬೈಯಲಿಲ್ಲ, ದಾರಕ್ಕೆ ಬಟ್ಟೆ ಗುರುತು ಮಾಡುವ ಚಾಕ್ ಸವರಿ, ಎರಡು ತುದಿ ಬಿಗಿಹಿಡಿದು ನಡುವೆ ಮೀಟಿ, ಹಲಗೆಯ ಮೇಲೆ ನೇರ ಗೆರೆ ಬೀಳಿಸುವುದನ್ನು ತೋರಿಸಿಕೊಟ್ಟರು. ಅವತ್ತಿನಿಂದ ಅವನು ಅವರ ಬಾಯಲ್ಲಿ ಚಾಕ್‌ಪೀಸು. ಆ ಸೊಟ್ಟ ಬೋರ್ಡನ್ನು ಅವರು ಇವತ್ತಿಗೂ ಇಳಿಸಿಲ್ಲ. ಅದರ ಕೆಳಸಾಲಿನಲ್ಲಿ 'ಶನಿವಾರ ರಜ' ಎಂದಿದೆ. ತನ್ನ ಕೈಯಾರೆ ಬರೆದ ಅಷ್ಟು ದಪ್ಪ ಅಕ್ಷರವನ್ನು ಮರೆತು ಪೇಂಟರ್ ನಿನ್ನೆ, ಶನಿವಾರ ಮಧ್ಯಾಹ್ನ, ಬಣ್ಣ ಒಣಗಿದ ಪಟವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಮಾಸ್ಟರ ಬಾಗಿಲು ಬಡಿದಿದ್ದ. ಯೆಹೂದ್ಯರ ಬಗ್ಗೆ ಮೂರು ತಿಂಗಳು ಪಾಸ್ಟರ ಪಾಠ ಕೇಳಿದವನಿಗೆ ಯೆಹೂದ್ಯರು ಕೆಲಸ ಮುಟ್ಟದ ಶನಿವಾರವೇ ನೆನಪಿರಲಿಲ್ಲ. ಮಾಸ್ಟರು ಬಿಳಿ ಅಂಗಿ ಹಾಕಿಕೊಂಡು ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರು. ಅವರು ಬಟ್ಟೆ ಮುಟ್ಟಲಿಲ್ಲ. ಮೇಜಿನ ಮೇಲೆ ನೀನೇ ಇಟ್ಟು ಹೋಗು, ನಾಳೆ ಬೆಳಿಗ್ಗೆ ಎದ್ದು ಹೊಲಿದಿಡ್ತೀನಿ ಎಂದರು. ಇವನು ಆ ಮೂವರಿರುವ ಚೌಕ ಒಳಗಡೆಗೆ ಬರುವ ಹಾಗೆ ಮಡಚಿಟ್ಟು, ನಾಲ್ಕು ಕಡೆ ಕ್ಲಿಪ್ಪು ಹಾಕಿ ಬಂದಿದ್ದ. ಇಪ್ಪತ್ತೆರಡು ಅಡಿ ಬಟ್ಟೆಯ ಅಂಚು ಹೊಲಿಯಬೇಕಾದರೆ ಇಪ್ಪತ್ತೆರಡು ಅಡಿಯನ್ನೂ ಬಿಚ್ಚಬೇಕು ಎಂಬುದು ಮನೆ ತಲುಪುವವರೆಗೆ ಹೊಳೆಯಲಿಲ್ಲ. ಹೊಳೆದ ಮೇಲೂ ವಾಪಸು ಹೋಗಲಿಲ್ಲ.

ಮಾಸ್ಟರ ಜೊತೆ ಈ ವಿಷಯ ಮಾತಾಡುವುದೇ ಒಂದು ಕಷ್ಟ. ಅವರು ಜಗಳಕ್ಕೇ ಬರುತ್ತಿರಲಿಲ್ಲ. ಮೆಸ್ಸೀಯ ಬರುತ್ತಾನೆ ಮಾಸ್ಟ್ರೇ ಎಂದರೆ, ಬರಲಿ, ಅಳತೆ ಕೊಟ್ಟು ಹೋಗಲಿ, ಶನಿವಾರ ಮಾತ್ರ ಬೇಡ ಅಂತ ಹೇಳು ಎನ್ನುತ್ತಿದ್ದರು. ಒಮ್ಮೆ ಮಾತ್ರ ನಗಲಿಲ್ಲ. ಅವತ್ತು ಪೇಂಟರ್ ಮಧ್ಯಾಹ್ನ ಮನೆಗೆ ಬಂದರೆ ಬಾಗಿಲು ತೆರೆದಿತ್ತು, ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು, ಹೆಂಡತಿ ಇರಲಿಲ್ಲ, ಪಕ್ಕದ ಮನೆಯಲ್ಲೂ ಯಾರೂ ಇರಲಿಲ್ಲ. ಎತ್ತಿಕೊಂಡುಬಿಟ್ಟರು, ನನ್ನನ್ನು ಬಿಟ್ಟು ಎಲ್ಲರನ್ನೂ ಎತ್ತಿಕೊಂಡರು ಎಂದುಕೊಂಡ. ಓಡಿಹೋಗಿ ಪಾಸ್ಟರಿಗೆ ಫೋನ್ ಮಾಡಿದ. ಅವರು ಹಲೋ ಎಂದಾಗ ಅವನಿಗೆ ಅಳು ಬಂತು. ಪಾಸ್ಟರು ಇನ್ನೂ ಭೂಮಿಯ ಮೇಲೆ ಇದ್ದಾರೆಂದರೆ ಏನೂ ಆಗಿಲ್ಲ. ಹೆಂಡತಿ ಪಕ್ಕದವರ ಜೊತೆ ಬೀದಿಯ ಕೊನೆಗೆ ಅಪಘಾತ ನೋಡಲು ಹೋಗಿದ್ದಳು. ಇದನ್ನು ತಮಾಷೆಯಾಗಿ ಹೇಳಿದಾಗ ಮಾಸ್ಟರು ಮೆಷಿನಿನ ಚಕ್ರಕ್ಕೆ ಕೈ ಅಡ್ಡ ಇಟ್ಟು ನಿಲ್ಲಿಸಿ, "ಹೆದರಿದ್ರೆ ನನ್ನ ಅಂಗಡಿಗೆ ಬರಬೇಕಿತ್ತು ಕಣೋ. ನಾನಂತೂ ಇಲ್ಲೇ ಇರ್ತೀನಲ್ಲ" ಎಂದರು. ಆಮೇಲೆ, ಅಲ್ಲಿ ಹಿಟ್ಟು ಕಲಸಿಟ್ಟಿತ್ತಂತೆ ಎಂದರು. ಎಲ್ಲಿ ಎಂದು ಇವನು ಕೇಳಬೇಕಾಯಿತು. ಅವರಿಗೆ ಇಬ್ಬರು ಅಣ್ಣಂದಿರು. ಮೂವರೂ ಒಂದೇ ಅಚ್ಚು, ಗುರುತು ಸಿಗಲೆಂದು ಅವರ ತಾಯಿ ಚಿಕ್ಕಂದಿನಲ್ಲಿ ಕೈಗೆ ಬೇರೆಬೇರೆ ಬಣ್ಣದ ದಾರ ಕಟ್ಟುತ್ತಿದ್ದಳು. ಮಾಸ್ಟರಿಗೆ ಹದಿನೆಂಟಾದಾಗ, ಅವರು ಹೊಲಿಗೆ ಕಲಿಯಲು ಬೇರೆ ಊರಿನಲ್ಲಿದ್ದಾಗ, ಯುದ್ಧದ ಕಾಲದ ಒಂದು ಬೆಳಿಗ್ಗೆ, ಹುಟ್ಟಿದ ದೇಶದ ಅವರ ಬೀದಿಗೆ ಯೆಹೂದ್ಯರನ್ನು ಹಿಡಿದೊಯ್ಯುವ ಲಾರಿಗಳು ಬಂದವು. ಹಿಟ್ಟು ಕಲಸಿದ್ದು ಹಾಗೇ ಇತ್ತು, ಬಾಗಿಲು ಹಾಗೇ ತೆರೆದಿತ್ತು. ಒಂದು ಫೋಟೋ ಕೂಡ ಉಳಿಯಲಿಲ್ಲ.

ಅದೇ ಮಧ್ಯಾಹ್ನ ಅವರು ಅಲಮಾರಿಯಿಂದ ಒಂದು ಹಳೆಯ ಕೋಟು ತೆಗೆದು ತೋರಿಸಿದ್ದರು. ಎಡಗಡೆಯ ಕಾಲರಿನ ಕೆಳಗೆ ಒಂದು ಗೇಣು ಹರಿದಿತ್ತು. ತಾಯಿ ಹೋದ ಮೇಲೆ, ಲಾರಿಗಳು ಬರುವುದಕ್ಕೂ ಮುಂಚೆ, ತಂದೆ ತೀರಿಕೊಂಡಾಗ ಹರಿದುಕೊಂಡದ್ದು. ತಾಯಿ ತಂದೆಗಾದರೆ ಎಡಗಡೆ, ಗುಂಡಿಗೆಯ ಮೇಲೆ, ಅದನ್ನು ಜನ್ಮದಲ್ಲಿ ಸರಿಯಾಗಿ ಹೊಲಿಯುವ ಹಾಗಿಲ್ಲ. ಒಡಹುಟ್ಟಿದವರಿಗಾದರೆ ಬಲಗಡೆ, ಮೂವತ್ತು ದಿನ ಹಾಗೇ ಬಿಟ್ಟು ಆಮೇಲೆ ಹೊಲಿದುಕೊಳ್ಳಬಹುದು. ಟೈಲರನ ಹೊಟ್ಟೆ ಉರಿಸೋಕೇ ಮಾಡಿದ ನಿಯಮ ಎಂದು ನಕ್ಕಿದ್ದರು. ಹಾಗಾದರೆ ಅಣ್ಣಂದಿರಿಗೆ ಹರಿದುಕೊಂಡ ಕೋಟು ಎಲ್ಲಿ ಎಂದು ಪೇಂಟರ್ ಕೇಳಿದ್ದ. "ಸತ್ತರು ಅಂತ ಯಾರೂ ಬಂದು ಹೇಳಲಿಲ್ವಲ್ಲ. ಸುಮ್ಮನೆ ಹರ್ಕೊಂಡು, ನಾಳೆ ಅವರು ಬಂದು ಬಾಗಿಲು ತಟ್ಟಿದ್ರೆ?" ಎಂದಿದ್ದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಇದೆಲ್ಲ ಗುರುವಾರ ಮಧ್ಯಾಹ್ನ ಅವನಿಗೆ ನೆನಪಿತ್ತೋ ಇಲ್ಲವೋ. ನೆನಪಿರಲಿಲ್ಲ ಎಂದು ಬೀದಿಯುದ್ದಕ್ಕೂ ತನ್ನನ್ನು ನಂಬಿಸುತ್ತಾ ಬಂದವನಿಗೆ, ಎರಡನೆಯ ಮುಖಕ್ಕೆ ಕಣ್ಣು ಮುಚ್ಚಿಸುವಾಗ ಬ್ರಷ್ಷು ಒಂದು ಗಳಿಗೆ ನಿಂತದ್ದು ಮಾತ್ರ ಚೆನ್ನಾಗಿ ನೆನಪಿತ್ತು.

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮಾಸ್ಟರು ಕೊರಳಿಗೆ ಟೇಪು ಹಾಕಿಕೊಂಡು ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದರು. ಮೇಜಿನ ಮೇಲೆ ಪಟ ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು, ಪಕ್ಕದಲ್ಲಿ ಅವನ ನಾಲ್ಕು ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಅವರ ಹಿಂದೆ ಮೊಳೆಗೆ ಅವರ ಒಳ್ಳೆಯ ಕೋಟು ನೇತಾಡುತ್ತಿತ್ತು, ಹೊಸದಾಗಿ ಇಸ್ತ್ರಿ ಮಾಡಿದ್ದು. ಅಂಚು ಮಡಚಿ ಡಬಲ್ ಹೊಲಿಗೆ ಹಾಕಿದ್ದೇನೆ, ಮೇಲ್ಗಡೆ ಹಗ್ಗಕ್ಕೆ ದಾರಿ ಬಿಟ್ಟಿದ್ದೇನೆ, ಎಳೆದು ಕಟ್ಟಿದರೂ ಹರಿಯುವುದಿಲ್ಲ ಎಂದರು. ಪೇಂಟರ್ ಹೂಂ ಎಂದ. ಪಟ ಎತ್ತಿಕೊಳ್ಳಲು ಬಗ್ಗಿದ.

"ಮೂವರೂ ಚೆನ್ನಾಗಿ ಬಂದಿದ್ದಾರೆ ಕಣೋ" ಎಂದರು ಮಾಸ್ಟರು.

ಅವನು ಬಗ್ಗಿದಲ್ಲೇ ಉಳಿದ. ತನಗೆ ಬೇರೆ ಮುಖ ಗೊತ್ತಿರಲಿಲ್ಲ, ನಿಮ್ಮದೊಂದೇ ಗೊತ್ತಿದ್ದದ್ದು ಎಂದು ಮೇಜಿಗೆ ಹೇಳಿದ. ಗೊತ್ತಿರುವುದನ್ನೇ ಬರೆಯಬೇಕು, ತಪ್ಪೇನಿಲ್ಲ ಎಂದರು ಅವರು. ದೊಡ್ಡಣ್ಣನ ಹುಬ್ಬು ಎರಡೂ ಕೂಡಿಕೊಂಡಿದ್ದವಂತೆ, ಅದೊಂದು ಬಿಟ್ಟರೆ ಅವನೇ ಅಂತೆ. ಬೆಳಿಗ್ಗೆ ಅಂಚು ಹಿಡಿದುಕೊಂಡು ಬರುತ್ತಾ ಬರುತ್ತಾ ಅಲ್ಲಿಗೆ ತಲುಪಿದಾಗ ಮೆಷಿನ್ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದರಂತೆ. ನಿಜ ಹೇಳಬೇಕೆಂದರೆ ಮುಖ ಮರೆತೇ ಹೋಗಿತ್ತು ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಪೇಂಟರಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಟೇಪನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತುತ್ತಾ, ಇನ್ನೊಂದು ಕೇಳಬೇಕಿತ್ತು ಎಂದರು.

"ಅವರಿಬ್ಬರೂ ಮಲಗಿದ್ದಾರೋ, ಸತ್ತಿದ್ದಾರೋ? ಕಣ್ಣು ಮುಚ್ಚಿದೆ, ಅಷ್ಟೇ ಕಾಣುತ್ತೆ. ಬರೆದವನಿಗೆ ಗೊತ್ತಿರುತ್ತಲ್ಲ."

ಮಲಗಿದ್ದಾರೆ ಎನ್ನಬಹುದಿತ್ತು. ಒಂದೇ ಮಾತು, ಯಾರೂ ಕೇಳಿಸಿಕೊಳ್ಳುವವರಿರಲಿಲ್ಲ. ಅವನ ನಾಲಿಗೆ ಆ ಮಾತಿನ ಮೇಲೆ ಇತ್ತು ಕೂಡ. ಆದರೆ ಹೆಗಲ ಮೇಲೆ ಪಾಸ್ಟರ ಕೈ ಇನ್ನೂ ಇದ್ದ ಹಾಗೆ ಅನ್ನಿಸಿತು. ಒಂದು ಗೆರೆ ತೆಗೆದರೂ ಪಾಲು ಹೋಗುತ್ತದೆ. ಉಕ್ಕುವ ಹಾಲು, ಖಾಲಿ ಮನೆ, ತಾನೊಬ್ಬನೇ.

"ಸತ್ತಿದ್ದಾರೆ ಮಾಸ್ಟ್ರೇ" ಎಂದ.

ಮಾಸ್ಟರು ಒಮ್ಮೆ ತಲೆಯಾಡಿಸಿದರು. ಟೇಪು ಪೂರ್ತಿ ಸುತ್ತಿ ಡ್ರಾಯರಿಗೆ ಹಾಕಿದರು. ಪೇಂಟರ್ ಪಟವನ್ನು ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದ. ನೀವು ಬರಬೇಡಿ ಮಾಸ್ಟ್ರೇ, ಮೈಗೆ ಹುಷಾರಿಲ್ಲ ಅಂತ ನಾನು ಹೇಳ್ತೀನಿ ಎನ್ನಲು ಬಾಯಿ ತೆರೆದ. ಪಕ್ಕಪಕ್ಕದ ಎರಡು ಕುರ್ಚಿ, ಎರಡು ಚೀಟಿ, ಎರಡನೆಯದು ಖಾಲಿಯಿದ್ದರೆ ಮೊದಲನೆಯದಕ್ಕೆ ಏನು ಬೆಲೆ ಎಂದು ಅದೇ ಗಳಿಗೆಯಲ್ಲಿ ಹೊಳೆಯಿತು. "ಹತ್ತು ಗಂಟೆಗೆ ಸರಿಯಾಗಿ ಬನ್ನಿ. ತಡ ಮಾಡಿದ್ರೆ ಪಾಸ್ಟರಯ್ಯನವರು ಬೇಜಾರು ಮಾಡ್ಕೋತಾರೆ" ಎಂದ.

ಸಭಾಂಗಣದಲ್ಲಿ ಏಣಿ ಹತ್ತಿ ಪಟ ಕಟ್ಟುವಾಗ ಎಂಟೂವರೆ. ಮಾಸ್ಟರು ಹೇಳಿದ್ದು ನಿಜ, ಹಗ್ಗ ಸಲೀಸಾಗಿ ನುಗ್ಗಿತು, ಎಷ್ಟು ಬಿಗಿದರೂ ಹೊಲಿಗೆ ಅಲ್ಲಾಡಲಿಲ್ಲ. ಇಪ್ಪತ್ತೆರಡು ಅಡಿ ಉದ್ದಕ್ಕೆ ಗೆರೆ ಎಳೆದ ಹಾಗೆ ಒಂದೇ ನೇರ. ಆ ಮೂವರ ಚೌಕದ ಹತ್ತಿರ ಬಂದಾಗ ಪೇಂಟರ್ ಹೊಲಿಗೆಯನ್ನು ಕಣ್ಣಿಗೆ ಹತ್ತಿರ ತಂದು ಪರೀಕ್ಷಿಸಿದ. ಅಲ್ಲಿ ದಾರ ನಿಂತು ಮತ್ತೆ ಶುರುವಾದ ಗುರುತು ಹುಡುಕಿದ. ಸಿಗಲಿಲ್ಲ. ನಿಲ್ಲಿಸಿದ ಜಾಗದಿಂದಲೇ, ಅದೇ ತೂತಿಗೆ ಸೂಜಿ ಇಳಿಸಿ ಮುಂದೆ ಹೋಗಿದ್ದರು. ಸಭಾಂಗಣದಲ್ಲಿ ಯಾರೂ ಇರಲಿಲ್ಲ. ಕೆಳಗಿಳಿದು ಚೀಲದಿಂದ ಡಬ್ಬಿ ತೆಗೆದ. ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟಿದ. ಕಪ್ಪು ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇಬ್ಬರನ್ನೂ ಹೊಗೆಯಲ್ಲಿ ಮುಚ್ಚಿಬಿಡಬಹುದು, ಸುತ್ತ ಹೇಗೂ ಬೆಂಕಿ ಇದೆ, ಬೆಂಕಿ ಇದ್ದಲ್ಲಿ ಹೊಗೆ ಇರಬೇಕು ಎಂದರೆ ಪಾಸ್ಟರೂ ಒಪ್ಪಬಹುದು. ಬ್ರಷ್ಷನ್ನು ಅದ್ದಿದ. ಏಣಿಯ ಎರಡನೆಯ ಮೆಟ್ಟಿಲ ಮೇಲೆ ಕಾಲಿಟ್ಟ. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಪಾಸ್ಟರಮ್ಮನವರು ಹೂದಾನಿ ಹಿಡಿದುಕೊಂಡು ಬಂದರು. ಪಟದ ಮುಂದೆ ನಿಂತು ಅಯ್ಯೋ ದೇವರೇ ಎಂದರು. ಅವನ ಹತ್ತಿರಕ್ಕೆ, ತೀರ ಹತ್ತಿರಕ್ಕೆ ಬಂದು, ಮೂಗು ಮುಚ್ಚಿಕೊಳ್ಳದೆ, ನಿಮ್ಮನ್ನು ನಾವು ಇಷ್ಟು ವರ್ಷ ಗುರುತಿಸಲೇ ಇಲ್ಲ ಬ್ರದರ್ ಎಂದರು. ಅವನ ಕಣ್ಣಲ್ಲಿ ನೀರು ತುಂಬಿತು. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ, ಮುಚ್ಚಳ ಒತ್ತಿ, ಇನ್ನೊಂದು ಕಡೆ ಸ್ವಲ್ಪ ಟಚ್ ಮಾಡಬೇಕಿತ್ತು, ಪರವಾಗಿಲ್ಲ ಬಿಡಿ ಅಮ್ಮ ಎಂದ.

ಹತ್ತಕ್ಕೆ ಐದು ನಿಮಿಷವಿದ್ದಾಗ ಸಭಾಂಗಣ ತುಂಬಿತ್ತು. ಪೇಂಟರ್ ತನ್ನ ಚೀಟಿಯ ಕುರ್ಚಿಯಲ್ಲಿ ಕೂತು, ಹಿಂದೆ ಯಾರು ಯಾರು ತನ್ನ ಬೆನ್ನು ನೋಡುತ್ತಿರಬಹುದು ಎಂದು ಊಹಿಸುತ್ತಿದ್ದ. ಹೆಂಡತಿ ಅವನ ಎಡಕ್ಕೆ ಒತ್ತಿಕೊಂಡು ಕೂತಿದ್ದಳು, ಹದಿನೆಂಟು ವರ್ಷದಲ್ಲಿ ಮೊದಲ ಸಲ. ಬಾಗಿಲ ಕಡೆ ಗುಜುಗುಜು ಎ‌ದ್ದಿತು. ಮಾಸ್ಟರು ಒಳಗೆ ಬಂದರು. ಇಬ್ಬರು ಹಿರಿಯರು ಅವರ ತೋಳು ಹಿಡಿದು, ನಡೆಯಲು ಬರುವ ಮನುಷ್ಯನನ್ನು ನಡೆಸಿಕೊಂಡು ಬಂದರು. ಮೊಳೆಗೆ ನೇತಾಡುತ್ತಿದ್ದ ಅದೇ ಕೋಟು. ಇಸ್ತ್ರಿಯ ಗೆರೆ ಹಾಗೇ ಇತ್ತು. ಕಾಲರಿನಿಂದ ಕೆಳಕ್ಕೆ ಒಂದು ಗೇಣು ಹರಿದು, ಒಳಗಿನ ಬಿಳಿ ಕ್ಯಾನ್ವಾಸು ಕಾಣುತ್ತಿತ್ತು. ಕತ್ತರಿಯಿಂದ ಶುರು ಮಾಡಿ ಆಮೇಲೆ ಕೈಯಿಂದ ಎಳೆದದ್ದು. ಮೇಲ್ತುದಿ ನೇರ, ಕೆಳಗೆ ದಾರದಾರ.

ಬಲಗಡೆ.

ಪೇಂಟರ್ ಕುರ್ಚಿಯ ಕೈ ಹಿಡಿದುಕೊಂಡ. ಯಾರೂ ಬಂದು ಹೇಳಲಿಲ್ಲ ಎಂದು ಅರವತ್ತು ವರ್ಷ ಜೀವಂತ ಇಟ್ಟುಕೊಂಡಿದ್ದ ಇಬ್ಬರು. ಬಂದು ಹೇಳಿದವನು ತಾನು. ಅದೂ ಸಾಲದೆಂದು ಹತ್ತು ಗಂಟೆಗೆ ಸರಿಯಾಗಿ ಬನ್ನಿ ಎಂದಿದ್ದ. ಮಾಸ್ಟರು ಪಕ್ಕದಲ್ಲಿ ಕೂತರು. ಕೂರುವಾಗ ಅವನ ಮಂಡಿ ತಟ್ಟಿದರು, ಜಾಗ ಮಾಡಿಕೊಡು ಎಂಬ ಹಾಗೆ, ಅಷ್ಟೇ.

ಪಾಸ್ಟರು ಉದ್ದನೆಯ ಕೋಲು ಹಿಡಿದು ಏದೆನ್ ತೋಟದಿಂದ ಹೊರಟರು. ಕೋಲು ಜಲಪ್ರಳಯ ದಾಟಿತು, ಸಮುದ್ರ ದಾಟಿತು, ಶಿಲುಬೆಯ ಬಳಿ ನಿಂತು ಮುಂದೆ ಹೋಯಿತು. ಮೂವರ ಚೌಕಕ್ಕೆ ಬಂದಾಗ ಪಾಸ್ಟರ ದನಿ ಇಳಿಯಿತು. ಮೂರರಲ್ಲಿ ಎರಡು ಪಾಲು ಎಂದು ಕೋಲಿನ ತುದಿಯಿಂದ ಬಿದ್ದವನೊಬ್ಬನ ಕೆನ್ನೆ ಮುಟ್ಟಿದರು, ಇನ್ನೊಬ್ಬನ ಕೆನ್ನೆ ಮುಟ್ಟಿದರು. ಕೋಲು ಗುಳಿ ಬಿದ್ದ ಕಡೆಯೇ ತಾಗಿತು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಇದು ಅವರ ಮೇಲಿನ ದ್ವೇಷದಿಂದಲ್ಲ ಎಂದರು ಪಾಸ್ಟರು, ಇದು ಪ್ರೀತಿ, ಬಂಗಾರವನ್ನು ಪುಟಕ್ಕೆ ಹಾಕುವವನ ಪ್ರೀತಿ. ಮಾಸ್ಟರು ನೆಟ್ಟಗೆ ಕೂತು ನೋಡುತ್ತಿದ್ದರು. ಬೆಳಿಗ್ಗೆ ಮೆಷಿನ್ ನಿಲ್ಲಿಸಿ ಎಷ್ಟು ಹೊತ್ತು ನೋಡಿದ್ದರೋ, ಈಗ ದೂರದಿಂದ, ಇಬ್ಬರನ್ನೂ ಒಟ್ಟಿಗೆ, ಮತ್ತೆ ಸಿಗುವುದಿಲ್ಲ ಎನ್ನುವ ಹಾಗೆ. ಪಾಸ್ಟರಿಗೆ ಅದು ಕಂಡಿತು. ಮಾತು ನಿಲ್ಲಿಸಿ, ಕೋಲನ್ನು ಮೆಲ್ಲಗೆ ಮಾಸ್ಟರ ಕಡೆ ತಿರುಗಿಸಿ, "ನೋಡಿ. ಅವರು ನೋಡ್ತಾ ಇದ್ದಾರೆ" ಎಂದರು. ಸಭೆಯೆಲ್ಲ ಎದ್ದು ನಿಂತಿತು. ಸ್ತೋತ್ರ, ಹಲ್ಲೆಲೂಯಾ. ಜನ ಸಾಲು ಬಿಟ್ಟು ಮುಂದೆ ನುಗ್ಗಿ ಮಾಸ್ಟರ ಕೈ ಹಿಡಿದರು, ಭುಜ ಮುಟ್ಟಿದರು. ಒಬ್ಬಾಕೆ ಅವರ ಕೈಗೆ ಮುತ್ತಿಟ್ಟು, ನಿಮ್ಮನ್ನು ನಾವು ತುಂಬಾ ಪ್ರೀತಿಸ್ತೀವಿ ಎಂದು ಅತ್ತಳು. ಆಕೆಯ ಗಂಡನ ಪ್ಯಾಂಟು ಮೂರು ವಾರದಿಂದ ಹೊಲಿದು ಅಂಗಡಿಯಲ್ಲೇ ಇತ್ತು. ಮಾಸ್ಟರು ಅದನ್ನು ನೆನಪಿಸಿದರು, ಆಕೆ ಇನ್ನಷ್ಟು ಅತ್ತಳು.

ಪಟದ ಕೆಳಗೆ ಫೋಟೋ ತೆಗೆಸಿಕೊಳ್ಳಬೇಕು, ಬೇರೆ ಊರಿನ ಸಭೆಗಳಿಗೆ ಕಳಿಸಬೇಕು ಎಂದರು ಪಾಸ್ಟರು. ನಡುವೆ ಮಾಸ್ಟರು, ಸರಿಯಾಗಿ ಮೂರನೆಯವನ ಕೆಳಗೆ; ಬಲಕ್ಕೆ ಪಾಸ್ಟರು, ಎಡಕ್ಕೆ ಪೇಂಟರ್. ಫೋಟೋದವನು ಕ್ಯಾಮೆರಾದಿಂದ ಮುಖ ಎತ್ತಿ, ಆ ಕೋಟು ಹರಿದದ್ದು ತುಂಬಾ ಕಾಣುತ್ತೆ ಎಂದ. ಪಾಸ್ಟರಮ್ಮನವರು ಆಗಲೇ ಗಮನಿಸಿದ್ದರಂತೆ. ಪಾಪ, ಊರಿಗೆಲ್ಲ ಹೊಲಿಯುವ ಮನುಷ್ಯ, ತನ್ನ ಕೋಟು ನೋಡಿಕೊಳ್ಳುವವರಿಲ್ಲ ಎಂದು ಮರುಗಿ, ಪೇಂಟರ ಕಡೆ ತಿರುಗಿ, ಹೇಗಾಯಿತು ಬ್ರದರ್, ನಿಮಗೆ ಗೊತ್ತಾ ಎಂದು ಕೇಳಿದರು. ಸುತ್ತಲಿದ್ದವರೆಲ್ಲ ಅವನ ಮುಖ ನೋಡಿದರು. ಮಾಸ್ಟರೂ ನೋಡಿದರು. ಅವರ ಮುಖದಲ್ಲಿ ಏನೂ ಬೇಡಿಕೆ ಇರಲಿಲ್ಲ. ಅಕ್ಷರ ಮೆಟ್ಟಿಲು ಹತ್ತಿದ ಬೋರ್ಡನ್ನು ಮೂವತ್ತು ವರ್ಷದ ಹಿಂದೆ ಹೀಗೇ ನೋಡಿದ್ದರು.

"ವಯಸ್ಸಾಯ್ತಲ್ಲ ಅಮ್ಮ, ಎಲ್ಲೋ ಸಿಕ್ಕಿಸ್ಕೊಂಡಿರಬೇಕು" ಎಂದ ಪೇಂಟರ್.

ನೀವೇ ಒಂದು ಪಿನ್ನು ಹಾಕಿಬಿಡಿ, ಕೈ ಸೂಕ್ಷ್ಮ ನಿಮ್ಮದು ಎಂದರು ಪಾಸ್ಟರಮ್ಮನವರು. ಪಿನ್ನು ಎಲ್ಲಿದೆ ಎಂದು ಎಲ್ಲರೂ ತಡಕಾಡುವಾಗ ಮಾಸ್ಟರು ತಮ್ಮ ಎಡಗಡೆಯ ಕಾಲರನ್ನು ತಿರುಗಿಸಿ ತೋರಿಸಿದರು. ಯಾವಾಗಲೂ ಇರುವ ಹಾಗೆ ಅಲ್ಲಿ ಸಾಲಾಗಿ ಚುಚ್ಚಿಟ್ಟಿದ್ದ ಸೇಫ್ಟಿ ಪಿನ್ನುಗಳಿದ್ದವು. ಪೇಂಟರ್ ಒಂದನ್ನು ತೆಗೆದುಕೊಂಡ. ಹರಿದ ಎರಡು ಅಂಚುಗಳನ್ನು ಒಟ್ಟಿಗೆ ತಂದ. ತನ್ನ ಬೆರಳಿನ ಟರ್ಪೆಂಟೈನ್ ಅವರ ಮೂಗಿಗೆ ಹೊಡೆಯುತ್ತಿರಬೇಕು ಎನಿಸಿತು. ಮಾಸ್ಟರು ಮುಖ ತಿರುಗಿಸಲಿಲ್ಲ.

"ಇನ್ನೂ ಒಂದು ದಿನವೂ ಆಗಿಲ್ಲ ಕಣೋ" ಎಂದರು, ಅವನಿಗೆ ಮಾತ್ರ ಕೇಳುವ ಹಾಗೆ.

"ಫೋಟೋಗೆ ಮಾತ್ರ ಮಾಸ್ಟ್ರೇ."

ಪಿನ್ನು ದಪ್ಪ ಬಟ್ಟೆಯಲ್ಲಿ ಇಳಿಯಲಿಲ್ಲ. ಮಾಸ್ಟರು ಬಗ್ಗಿ ನೋಡಿ, ಅವನ ಬೆರಳನ್ನು ಹಿಡಿದು ಒಂದಿಷ್ಟು ಕೆಳಕ್ಕೆ ಸರಿಸಿದರು. "ಎರಡು ಪದರಾನೂ ಸೇರಿಸಿ ಚುಚ್ಚು. ಬಿಗಿಯಾಗಿ ಹಾಕು, ಇಲ್ಲಾಂದ್ರೆ ಬಿಚ್ಕೊಳ್ಳುತ್ತೆ" ಎಂದರು.

ಬಿಗಿಯಾಗಿ ಹಾಕಿದ. ಫೋಟೋದವನು ಈಗ ಸರಿಯಾಯಿತು ಎಂದ. ಯಜಮಾನರು ಸ್ವಲ್ಪ ತಲೆ ಎತ್ತಿ, ಮೇಲೆ ನೋಡಬೇಕು ಎಂದ. ಮಾಸ್ಟರು ತಲೆ ಎತ್ತಿದರು. ಪೇಂಟರ್ ಹೊಟ್ಟೆಯನ್ನು ಒಳಗೆ ಎಳೆದುಕೊಂಡು, ಉಜ್ಜಿದ ಉಗುರು ಕಾಣುವ ಹಾಗೆ ಕೈ ಮುಂದೆ ಕಟ್ಟಿಕೊಂಡು, ಕ್ಯಾಮೆರಾ ನೋಡಿ ನಕ್ಕ.